ಅರ್ಧರ್ಧ ಮಿಠಾಯಿ

ಬ್ರೆಮರ್ಟನ್ನಿನ ನೌಕಾಪಡೆ ಹಡಗುಕಟ್ಟೆಯಲ್ಲಿ ಜಲಾಂತರ್ಗಾಮಿಗಳ ಕೊಳವೆ ಬೆಸೆಯುವ ಕೆಲಸಕ್ಕೆ ಸೇರಿ ನೇಡೀನ್‌ಗೆ ಇಪ್ಪತ್ತೆರಡು ವರ್ಷ. ಆ ಕೆಲಸಕ್ಕೆ ಸರ್ಕಾರದ ಭದ್ರತಾ ಅನುಮತಿ ಬೇಕು. ಕೆಲವು ವರ್ಷಕ್ಕೊಮ್ಮೆ ನೆರೆಹೊರೆಯವರ ಹೆಸರಿನಿಂದ ಹಿಡಿದು ಬದುಕಿನ ಎಲ್ಲವನ್ನೂ ಅರ್ಜಿಯಲ್ಲಿ ಬರೆದುಕೊಡಬೇಕು. ಈ ಸಲ ಒಂದು ಪ್ರಶ್ನೆಯ ಮುಂದೆ ಅವಳ ಕೈ ನಿಂತಿತು: ಅನುಮತಿ ಇದ್ದ ಅವಧಿಯಲ್ಲಿ ಮಾದಕ ವಸ್ತು ಸೇವಿಸಿದ್ದೀರಾ?

ಸೇವಿಸಿದ್ದಳು. ಗಂಡ ಹಾರ್ಲನ್‌ನ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಡಾಕ್ಟರು ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಟೈರ್ ಅಂಗಡಿಯ ಪಕ್ಕದ ಗಾಂಜಾ ಅಂಗಡಿಯಿಂದ ಅವನ ತಮ್ಮ ನೋವಿಗೆಂದು ಗಾಂಜಾ ಬೆರೆಸಿದ ಮಿಠಾಯಿ ತಂದುಕೊಟ್ಟ. ರಾಜ್ಯದ ಕಾನೂನು ಅಡ್ಡಿ ಮಾಡುತ್ತಿರಲಿಲ್ಲ. ದೇಶದ ಕಾನೂನಿನಲ್ಲಿ ಅದು ನಿಷಿದ್ಧ ಎಂಬುದು ನೇಡೀನ್‌ಗೆ ಚೆನ್ನಾಗಿ ಗೊತ್ತಿತ್ತು. ಹಾರ್ಲನ್ ಬಿಯರ್ ಕೂಡ ಮುಟ್ಟಿದವನಲ್ಲ. ಅವನಪ್ಪ ಕುಡಿದೇ ಸತ್ತಿದ್ದ.

“ಒಬ್ಬನೇ ತಿನ್ನೋಕೆ ಹೆದರಿಕೆ ಕಣೇ,” ಎಂದ. “ನೀನು ಅರ್ಧ ತಿಂದ್ರೆ ನಾನೂ ತಿಂತೀನಿ.”

“ನನ್ನ ಕೆಲಸ ಹೋಗತ್ತೆ ಕಣೋ.”

“ಹಾಗಾದ್ರೆ ಬೇಡ ಬಿಡು.” ಗೋಡೆಯ ಕಡೆ ಹೊರಳಲು ಹೋದವನು ನಡುವೆಯೇ ನರಳಿದ.

ಅವಳು ಮಿಠಾಯಿಯನ್ನು ಹಲ್ಲಿನಲ್ಲೇ ಕಚ್ಚಿ ಎರಡು ಮಾಡಿದಳು. ಆಗ ಅವಳು ರಜೆಯಲ್ಲಿದ್ದಳು. ಅವನು ಸಾಯುವವರೆಗೂ, ಏಳು ವಾರ, ದಿನಾ ಸಂಜೆ ಹೀಗೇ ನಡೆಯಿತು. ತಿಂದ ಮೇಲೆ ಅವನು ಒಂದಿಷ್ಟು ಸೂಪು ಕುಡಿಯುತ್ತಿದ್ದ. “ಈ ಸೂಪಿಗಿಂತ ಹಡಗಿನ ತಳದ ಕೊಳಕು ನೀರೇ ವಾಸಿ,” ಎಂದು ನಗುತ್ತಿದ್ದ.

“ಇಲ್ಲ ಅಂತ ಗೀಚಿ ಬಿಸಾಕು,” ಎಂದ ಜೊತೆಗೆ ಕೆಲಸ ಮಾಡುವ ಮಾರ್ವಿನ್, ಅವಳು ಅರ್ಜಿಯ ವಿಷಯ ಹೇಳಿದಾಗ. “ನೋಡಿದೋನು ಹಾರ್ಲನ್. ಅವನೇ ಮಣ್ಣಲ್ಲಿದಾನೆ.”

ಆ ಮಾತೇ ಅವಳಿಗೆ ಚುಚ್ಚಿತು. ಹೌದು ಎಂದು ಬರೆದಳು.

ಮೂರು ತಿಂಗಳಿಗೆ ನೋಟೀಸು ಬಂತು: ಅನುಮತಿ ಯಾಕೆ ಕಿತ್ತುಕೊಳ್ಳಬಾರದು, ಉತ್ತರ ಕೊಡಿ. ಕಾರ್ಮಿಕ ಸಂಘದ ವಕೀಲ ಅವಳ ಪರವಾಗಿ ಹೇಳಿಕೆ ಬರೆದು ತಂದ: ಗಾಂಜಾ ತಿಂದದ್ದು ನನ್ನ ತಪ್ಪು, ಪಶ್ಚಾತ್ತಾಪವಿದೆ, ಅಂಥ ಪರಿಸ್ಥಿತಿ ಮತ್ತೆ ಬಂದರೂ ಹಾಗೆ ಮಾಡುವುದಿಲ್ಲ.

“ತಪ್ಪು ಅನ್ನೋದು ತೆಗೀಬಹುದಾ?”

“ತೆಗೆದ್ರೆ ಉಳಿಯೋದೇನಿದೆ ಮೇಡಂ? ಮುಂದೆ ಮಾಡಲ್ಲ ಅಂತ ಅವರಿಗೆ ನಂಬಿಕೆ ಬರಬೇಕು. ಅರ್ಜೀಲಿ ನಿಜ ಹೇಳಿದೀರಿ, ಅದೇ ನಿಮ್ಮ ಕೈ ಹಿಡಿಯತ್ತೆ.”

“ಇದು ನಿಜ ಅಲ್ವಲ್ಲ.”

ವಕೀಲ ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟ. ಅವಳಿಗೆ ಐವತ್ತಾರು ವರ್ಷ. ಬೆಸುಗೆ ಬಿಟ್ಟು ಬೇರೆ ಕಸುಬು ಬಾರದು. ಸಹಿ ಹಾಕಿದಳು.

ಅನುಮತಿ ಉಳಿಯಿತು. ಮಾರ್ವಿನ್ ಡೋನಟ್ ಡಬ್ಬಿ ತಂದು ಎಲ್ಲರಿಗೂ ಹಂಚಿದ. ಅವಳೂ ಒಂದು ತಿಂದಳು, ಥ್ಯಾಂಕ್ಸ್ ಹೇಳಿದಳು.

ಭಾನುವಾರ ಎಂದಿನಂತೆ ಸ್ಮಶಾನಕ್ಕೆ ಹೋಗಿ, ಒದ್ದೆ ಹುಲ್ಲಿನ ಮೇಲೆ ಕೋಟು ಹಾಸಿ ಕೂತು, ಹಾರ್ಲನ್‌ಗೆ ವಾರದ ಸಮಾಚಾರ ಹೇಳಿದಳು. ಸೂರಿನ ಮಳೆನೀರಿನ ದೋಣಿ ಎಲೆ ತುಂಬಿ ಕಟ್ಟಿಕೊಂಡದ್ದು, ಅವನ ತಮ್ಮನ ಮಗಳು ಕಾರು ಗುದ್ದಿಸಿದ್ದು. ಮತ್ತೆ ಹಾಗೆ ಮಾಡುವುದಿಲ್ಲ ಎಂದು ಸಹಿ ಹಾಕಿದ್ದು ಮಾತ್ರ ಬಾಯಿಗೆ ಬರಲಿಲ್ಲ. ಎದ್ದು ಒದ್ದೆ ಕೋಟು ಕೊಡವಿಕೊಂಡಳು.