ಅವರ ಅರ್ಧ

ಊರಿನ ಸಂಖ್ಯೆಗೆ ತಾರೀಖಿನದನ್ನು ಕೂಡಿಸಿ, ಬಂದದ್ದಕ್ಕೆ ಮೊತ್ತದ ಸಂಖ್ಯೆ ಸೇರಿಸಿ, ಕೆಳಗೆ ಗೆರೆ ಎಳೆಯುವಷ್ಟರಲ್ಲಿ ಟೆಲೆಕ್ಸ್ ಕೋಣೆಯ ಗಾಜಿನ ಬಾಗಿಲ ಮೇಲೆ ಉಂಗುರದ ಬೆರಳು ಟಕಟಕ ಎಂದಿತು. ಅವಳು ತಲೆ ಎತ್ತಲಿಲ್ಲ. ಕೂಡುವಾಗ ತಲೆ ಎತ್ತಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆ ಉಂಗುರ ಯಾರದ್ದೆಂದು ನೋಡಿಯೇ ತಿಳಿಯಬೇಕಾಗಿಯೂ ಇರಲಿಲ್ಲ.

ಬ್ಯಾಂಕಿನಲ್ಲಿ ಆ ಉಂಗುರದ ಅಧಿಕಾರಿಯನ್ನು ಎಲ್ಲರೂ ಬೆನ್ನ ಹಿಂದೆ ಬೀಗದ ಸಾಹೇಬರು ಎನ್ನುತ್ತಿದ್ದರು. ನೀರಿನ ಹೂಜಿಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಬೀಗ ಹಾಕಿಸಿದವರು.

ಟೆಲೆಕ್ಸ್ ಯಂತ್ರದಲ್ಲಿ ಒತ್ತಿದ ಅಕ್ಷರ ತಂತಿಯ ಮೇಲೆ ಹೋಗುತ್ತದೆ, ಸಹಿ ಹೋಗುವುದಿಲ್ಲ. ಇಂಥವರಿಗೆ ಇಷ್ಟು ಹಣ ಕೊಡಿ ಎಂದು ಈ ಕೋಣೆಯಿಂದ ಹೋಗುವ ಪ್ರತಿ ಆದೇಶದ ತಲೆಯ ಮೇಲೂ ಒಂದು ಟೆಸ್ಟ್ ನಂಬರ್ ಇರಬೇಕು, ಅದೇ ಸಹಿ. ಅದರೊಳಗೆ ಎರಡು ಗುಟ್ಟಿನ ಸಂಖ್ಯೆಗಳು ಸೇರುತ್ತವೆ: ಅವಳ ಅರ್ಧ, ಸಾಹೇಬರ ಅರ್ಧ. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಾಗಕೂಡದು. ಅವಳು ತನ್ನ ಪಾಲಿನ ಕೂಡಿಕೆ ಬರೆದಿಟ್ಟು ಎದ್ದರೆ, ಸಾಹೇಬರು ಬಂದು ತಮ್ಮದನ್ನು ಮನಸ್ಸಿನಲ್ಲೇ ಕೂಡಿಸಿ ಯಂತ್ರದ ಮುಂದೆ ಕೂತು ನಂಬರ್ ಒತ್ತುತ್ತಾರೆ. ಅಷ್ಟು ಹೊತ್ತು ಅವಳು ಗೋಡೆಗೆ ಮುಖ ಮಾಡಿ ನಿಂತಿರಬೇಕು. ಆಚೆ ತುದಿಯವರೂ ಕೂಡಿ ನೋಡುತ್ತಾರೆ. ತಾಳೆಯಾದರೆ ಹಣ ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ.

ಗೋಡೆಯ ಆ ಜಾಗದ ಸುಣ್ಣದ ಬಿರುಕುಗಳು ಅವಳಿಗೆ ಬಾಯಿಪಾಠ. ಅವನ್ನು ನೋಡುತ್ತ ನಿಂತಾಗಲೆಲ್ಲ ಅವಳು ಸಾಹೇಬರನ್ನು ಒಂದೊಂದು ಕಡೆಯಿಂದ ಬೀಳಿಸುತ್ತಿದ್ದಳು. ಮೆಟ್ಟಿಲಿಂದ, ಮಹಡಿಯಿಂದ, ಒಮ್ಮೆ ಬರೀ ಕುರ್ಚಿಯಿಂದ, ಎಲ್ಲರೂ ನೋಡುತ್ತಿರುವಾಗ. ಆಮೇಲೆ ಇತ್ತ ತಿರುಗಿ "ಆಯ್ತಾ ಸರ್?" ಎನ್ನುತ್ತಿದ್ದಳು.

ಅವಳ ತಂಗಿಗೂ ಇದೇ ಕೋಣೆಯಲ್ಲಿ ಕೆಲಸವಿತ್ತು. ಅಕ್ಕನದು ಬೆಳಗಿನ ಪಾಳಿ, ತಂಗಿಯದು ಮಧ್ಯಾಹ್ನದ್ದು. ಊಟಕ್ಕೆ ಹೋದರೆ ಬೇಗ ಮರಳುವ ಅಭ್ಯಾಸವಿಲ್ಲದ ಸಾಹೇಬರು, "ಇವತ್ತೊಂದು ದಿನ ನೀನೇ ಹಾಕಿಬಿಡಮ್ಮ" ಎಂದು ತಮ್ಮ ಅರ್ಧವನ್ನು ಒಮ್ಮೆ ತಂಗಿಗೆ ಹೇಳಿಹೋಗಿದ್ದರು. ಅವತ್ತೇ ಯಾರೋ ಸುಳ್ಳು ಸಹಿಯ ಅರ್ಜಿ ತಂದುಕೊಟ್ಟು ದೊಡ್ಡ ಮೊತ್ತ ಕಳಿಸಿಕೊಂಡು ಮಾಯವಾದರು. ಸಹಿ ನೋಡಬೇಕಾದ ಸಾಹೇಬರು ಊಟದ ಮೇಜಿನ ಮುಂದಿದ್ದರು. ವಿಚಾರಣೆಯಲ್ಲಿ ಮಾತ್ರ ಸಾಹೇಬರು, "ನಾನೆಲ್ಲಿ ಹೇಳಿದೆ? ನನ್ನ ಡ್ರಾಯರ್ ತೆಗೆದು ಚೀಟಿ ಓದಿಕೊಂಡಿದ್ದಾಳೆ" ಎಂದುಬಿಟ್ಟರು. ತಂಗಿಯ ಕೆಲಸ ಹೋಯಿತು. ಕಳ್ಳಿ ಎಂಬ ಹೆಸರು ಉಳಿಯಿತು.

ಯಂತ್ರ ಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ಅಕ್ಕನನ್ನು ಉಳಿಸಿಕೊಂಡರು. ಅದನ್ನು ಸಾಹೇಬರು ತಮ್ಮ ದೊಡ್ಡ ಮನಸ್ಸು ಎನ್ನುತ್ತಿದ್ದರು. ಅದಾದ ಮೇಲೆ ಅವರೇ ಒಂದು ಹೊಸ ನಿಯಮ ತಂದರು: ಗುಟ್ಟಿನ ಚೀಟಿಯನ್ನು ಹೆಡ್ ಆಫೀಸಿನವರ ಕಣ್ಣೆದುರೇ ಓದಿ, ನೆನಪಿಟ್ಟುಕೊಂಡು, ಅಲ್ಲೇ ಸುಟ್ಟುಬಿಡಬೇಕು. ಇನ್ನು ಯಾವ ಕಳ್ಳಿಯೂ ಕದಿಯಲಾರಳು ಎಂದರು. ಹೆಡ್ ಆಫೀಸಿಗೆ ಇದು ಎಷ್ಟು ಹಿಡಿಸಿತೆಂದರೆ, ಬೇರೆ ಶಾಖೆಯ ಅಧಿಕಾರಿಗಳಿಗೆಲ್ಲ ಗುಟ್ಟು ಕಾಯುವುದು ಹೇಗೆಂದು ಪಾಠ ಹೇಳಲು ಇವತ್ತು ಅವರನ್ನೇ ಕರೆಸಿತ್ತು.

ಸಾಹೇಬರು ಒಳಗೆ ಬಂದರು. ಹೊಸ ಕೋಟು, ಹೊಸದಾಗಿ ಕಪ್ಪಾದ ಮೀಸೆ.

"ಎಷ್ಟಿವೆಯಮ್ಮ ಇವತ್ತು?"

"ಬ್ರಾಂಚುಗಳವು ಒಂದಷ್ಟಿವೆ ಸರ್. ಹೆಡ್ ಆಫೀಸಿನದು ಒಂದು."

"ನಾನು ಬರೋದು ಸಂಜೆಯಾಗತ್ತೆ. ಅಲ್ಲೀತನಕ ನಿಲ್ಲಿಸಿದ್ರೆ ಗಿರಾಕಿಗಳು ಫೋನ್ ಮಾಡಿ ಗಲಾಟೆ ಎಬ್ಬಿಸ್ತಾರೆ. ಇವತ್ತೇ ಆಗ್ಬೇಕಾ ಅದು?" ಬಾಗಿಲ ಕಡೆ ನೋಡಿ, ಬಗ್ಗಿ, ಅವಳ ಕಿವಿಯ ಹತ್ತಿರ ಒಂದು ಸಂಖ್ಯೆ ಹೇಳಿದರು. ಕೂದಲೆಣ್ಣೆಯ ವಾಸನೆ ಬಂತು. "ಇವತ್ತೊಂದು ದಿನ ನೀವೇ ಹಾಕಿಬಿಡಿ."

ಅದೇ ಮಾತು. ಅವಳ ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತು.

"ಹೆಡ್ ಆಫೀಸಿನದನ್ನ ಮಾತ್ರ ಮುಟ್ಟಬೇಡಿ. ನಾನು ಅಲ್ಲೇ ಅವರೆದುರಿಗೆ ಕೂತಿರ್ತೀನಿ, ನನ್ನ ಅರ್ಧ ಇಲ್ಲಿಂದ ಬಂತು ಅಂದ್ರೆ ನಗೆಪಾಟಲು! ಬ್ರಾಂಚಿನವರಿಗೇನು, ಗೊತ್ತಾಗಲ್ಲ."

"ಸರಿ ಸರ್."

"ನಿಮ್ಮ ಮೇಲೆ ನಂಬಿಕೆ ಇದೆಯಮ್ಮ. ನೀವು ನಿಮ್ಮ ತಂಗಿ ಥರ ಅಲ್ಲ."

ಅವಳು ನಕ್ಕಳು. ಇಷ್ಟು ವರ್ಷ ಗೋಡೆ ನೋಡಿ ಕಲಿತ ನಗು ಅದು. ಸಾಹೇಬರು ಕೋಟು ಸರಿಮಾಡಿಕೊಂಡು ಹೊರಟರು. ಕಾರಿನ ಸದ್ದು ಬೀದಿಯ ತಿರುವಿನಲ್ಲಿ ಕರಗುವವರೆಗೂ ಅವಳು ಕದಲಲಿಲ್ಲ.

ಫೋನ್ ರಿಂಗಾಯಿತು. ತಂಗಿ.

"ಅಕ್ಕಾ, ನೀಲಿ ದಾರ ಮುಗಿದುಹೋಯ್ತು ಕಣೇ. ಹೊಲೀತಿರೋ ಪರದೆ ಇನ್ನೂ ಅರ್ಧ ಬಾಕಿ ಇದೆ. ಬರ್ತಾ ತರ್ತೀಯಾ?"

"ನಮ್ಮ ಬ್ಯಾಂಕಿನ ಎದುರಿಗೇ ಅಂಗಡಿ ಇದೆಯಲ್ಲೇ. ನೀನೇ ಒಂದು ಸಲ ಬಾ."

"ಆ ಬೀದಿಗಾ? ನಾನು ಬಂದ್ರೆ ಜನ ಪರ್ಸು ಗಟ್ಟಿಯಾಗಿ ಹಿಡ್ಕೋತಾರೆ. ಪಾಪ, ಅವರಿಗ್ಯಾಕೆ ಕೈನೋವು?" ತಂಗಿ ತನ್ನ ತಮಾಷೆಗೆ ತಾನೇ ನಕ್ಕಳು. ಅಕ್ಕ ನಗದಿದ್ದದ್ದು ಕೇಳಿಸಿ ಮಾತು ತಿರುಗಿಸಿದಳು. "ನಿಮ್ಮ ಬೀಗದ ಸಾಹೇಬ್ರು ಇನ್ನೂ ಗೋಡೆ ನೋಡಿಸ್ತಾರಾ?"

"ಇವತ್ತು ಇಲ್ಲ."

"ಯಾಕೆ, ಗೋಡೆ ಬಿದ್ದುಹೋಯ್ತಾ?"

"ಇನ್ನೂ ಇಲ್ಲ," ಎಂದು ಅವಳು ಫೋನಿಟ್ಟಳು.

ನಂಬರ್ ಒತ್ತಲು ಸಾಹೇಬರು ಕೂರುವ ಕುರ್ಚಿಯಲ್ಲಿ ಮೊದಲ ಸಲ ಅವಳು ಕೂತಳು. ಮೆತ್ತನೆಯ ದಿಂಬು ಹಾಕಿಸಿಕೊಂಡಿದ್ದರು, ಪುಣ್ಯಾತ್ಮ. ಡ್ರಾಯರಿನಿಂದ ಕದ್ದಳು ಎಂದು ಈ ಸಲ ಹೇಳಲಾಗದು. ಚೀಟಿಯೇ ಇಲ್ಲ, ಅವರೇ ಸುಟ್ಟಿದ್ದಾರೆ, ಸಾಕ್ಷಿಗಳ ಮುಂದೆ. ಅವರು ಹೆಡ್ ಆಫೀಸಿನಲ್ಲಿ ಕೂತಿರುವಾಗಲೇ ಆ ಸಂಖ್ಯೆ ಇಲ್ಲಿಂದ ಹೋದರೆ, ಅದು ಹೊರಬಿದ್ದಿರಬಹುದಾದ ದಾರಿ ಒಂದೇ, ಅವರ ಬಾಯಿ. ಅದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಇವತ್ತಿನ ಪಾಠದಲ್ಲಿ ಅವರೇ ವಿವರಿಸುತ್ತಿರುತ್ತಾರೆ. ಆಗ ಯಾರಾದರೂ ಹಳೆಯ ವಿಚಾರಣೆಯ ಮಾತನ್ನೂ, ತಂಗಿಗೆ ಆ ಸಂಖ್ಯೆ ಎಲ್ಲಿಂದ ಸಿಕ್ಕಿತೆಂಬುದನ್ನೂ ಎತ್ತಿಯೇ ಎತ್ತುತ್ತಾರೆ.

ನೀನು ಯಾಕೆ ಒತ್ತಿದೆ ಎಂದು ತನ್ನನ್ನೂ ಕೇಳುತ್ತಾರೆ. ತನ್ನ ಕೆಲಸವೂ ಹೋಗಬಹುದು. ಹೋದರೆ ಮನೆಗೆ ಬರುವ ಸಂಬಳ ನಿಲ್ಲುತ್ತದೆ, ಇರುವ ಒಂದು ಹೊಲಿಗೆಯಂತ್ರಕ್ಕೆ ಅಕ್ಕತಂಗಿ ಇಬ್ಬರೂ ಜಗಳ ಆಡಬೇಕಾಗುತ್ತದೆ. ಅದನ್ನು ಅವಳು ನಿಧಾನವಾಗಿ, ಇನ್ನೊಂದು ಕೂಡಿಕೆಯಂತೆ, ತಪ್ಪಿಲ್ಲದೆ ಯೋಚಿಸಿದಳು.

ಬಾಗಿಲಲ್ಲಿ ಕ್ಯಾಷಿಯರ್ ಇಣುಕಿದರು. "ಏನ್ ಮೇಡಂ, ಪ್ರಮೋಷನ್ನಾ? ಸಾಹೇಬ್ರ ಕುರ್ಚಿ!"

"ಬೆನ್ನು ನೋವು," ಎಂದಳು.

ಅವರು ನಗುತ್ತ ಹೋದರು. ಅವಳು ಬ್ರಾಂಚುಗಳ ಕಾಗದಗಳನ್ನು ಪಕ್ಕಕ್ಕೆ ಸರಿಸಿ, ಎಲ್ಲಕ್ಕೂ ಅಡಿಯಲ್ಲಿದ್ದ ಹೆಡ್ ಆಫೀಸಿನ ಆದೇಶವನ್ನು ಮೇಲಕ್ಕೆ ತೆಗೆದಿಟ್ಟುಕೊಂಡಳು. ತನ್ನ ಅರ್ಧಕ್ಕೆ ಅವರ ಅರ್ಧವನ್ನು ಕೂಡಿಸಿದಳು. ಒಮ್ಮೆ ಮೇಲಿನಿಂದ ಕೆಳಕ್ಕೆ, ಇನ್ನೊಮ್ಮೆ ಕೆಳಗಿನಿಂದ ಮೇಲಕ್ಕೆ. ಸರಿಯಾಗಿತ್ತು. ಪಾಠ ಶುರುವಾಗಿ ಸಭೆ ತುಂಬಲಿ ಎಂದು ಗಡಿಯಾರ ನೋಡುತ್ತ, ಯಂತ್ರಕ್ಕೆ ಮುಖ ಮಾಡಿ ಕೂತಳು.