ಗುಡ್ಡದ ಸುತ್ತುದಾರಿ

ಒಂದೇ ಮಧ್ಯಾಹ್ನ ಒಂಬತ್ತು ಕುರಿ ಸತ್ತಿದ್ದವು. ಮುಚ್ಚಂಡಿಯಲ್ಲಿ ದೀಪಾಲಿಯ ಹೆಸರು ಬಂದರೆ ಸಾಕು, ಜನ ಇನ್ನೂ ಅದನ್ನೇ ಎತ್ತಿ ಆಡುತ್ತಾರೆ. ಅವರಿಗೇನು, ಬಾಯಿಗೆ ಬೀಗವಿದೆಯೇ?

ಹೋದ ವರ್ಷ ಅಪ್ಪ ಬೀರು ಅವಳ ಕೈಗೆ ಕೋಲು ಕೊಟ್ಟು, "ಜ್ವಾಳದ ಹೊಲದ ದಾರಿ ಹಿಡಿ, ನೀರು ಹತ್ರಾಗ್ತೈತಿ. ಎಚ್ಚರ ಇರು," ಅಂದಿದ್ದ. ಕೊಯ್ದ ಜೋಳದ ಕೂಳೆ ಅಕಾಲದ ಮಳೆಗೆ ಚಿಗುರಿತ್ತು. ಆ ಎಳೆ ಸುಳಿ ಕುರಿಗೆ ವಿಷವೆಂದು ಊರಿನ ಕೂಸಿಗೂ ಗೊತ್ತು, ದೀಪಾಲಿಗೂ ಗೊತ್ತಿತ್ತು. ಆದರೆ ಪಕ್ಕದ ಹೊಲದಲ್ಲಿ ಬೋರ್‌ವೆಲ್ ಲಾರಿ ಬೆಳ್ಳಗೆ ಧೂಳು ಚಿಮ್ಮಿಸುತ್ತಿತ್ತು. ಅದನ್ನೇ ನೋಡುತ್ತ ನಿಂತಳು. ತಿರುಗುವಷ್ಟರಲ್ಲಿ ಕುರಿಗಳು ಹೊಟ್ಟೆಯುಬ್ಬಿ, ನೊರೆ ಕಾರುತ್ತ ಬಿದ್ದಿದ್ದವು.

ಅವಳ ಈ ಮೈಮರೆವಿಗೆ ಸಾಂಗ್ಲಿಯ ಡಾಕ್ಟರು ಒಂದು ಹೆಸರು ಹೇಳಿದರು, ಎಡಿಎಚ್‌ಡಿ. ಹುಟ್ಟಿನಿಂದ ಬಂದದ್ದು, ಗಮನ ಒಂದೆಡೆ ನಿಲ್ಲುವುದಿಲ್ಲ, ಇದು ಸೋಮಾರಿತನವಲ್ಲ ಎಂದು ಮಾತ್ರೆ ಬರೆದುಕೊಟ್ಟರು. ಆ ಮಾತ್ರೆ ನುಂಗುವುದನ್ನೂ ಮರೆತುಬಿಡುತ್ತಿದ್ದಳು, ಏನು ಹೇಳೋಣ! ನೆನಪಿಗೆಂದು ಓಢಣಿಯ ಸೆರಗಿಗೆ ಗಂಟು ಹಾಕಿಕೊಂಡಳು. ಗಂಟು ಕಂಡಿತು, ಯಾಕೆಂದು ನೆನಪಾಗಲಿಲ್ಲ. ಮೊಬೈಲಿನ ಅಲಾರಾಂ ಬಂದ್ ಮಾಡಿ ಮತ್ತೆ ಮರೆತಳು. ಕೊನೆಗೆ ಮಾತ್ರೆಯನ್ನು ಚಹಾಪುಡಿಯ ಡಬ್ಬಿಯೊಳಗೇ ಇಟ್ಟಳು. ಚಹಾ ಯಾವತ್ತೂ ತಪ್ಪಿಸಿದವಳಲ್ಲ, ಅಂದಿನಿಂದ ಮಾತ್ರೆಯೂ ತಪ್ಪಲಿಲ್ಲ.

ಈಗ ಬೀರುವಿನ ಕಣ್ಣು ಮಂಜಾಗಿ, ಕುರಿ ಕಾಯಲು ಆಗುತ್ತಿರಲಿಲ್ಲ. ಮಗಳ ಕೈಗೆ ಹಿಂಡು ಕೊಡಲು ಜೀವ ಒಪ್ಪದು. ಎಲ್ಲವನ್ನೂ ಉಮದಿಯ ವ್ಯಾಪಾರಿಗೆ ಮಾರುವುದೆಂದು ಮಾತಾಗಿತ್ತು. ತಾಯಿ ಇಂದುಬಾಯಿ ಅಂಗಲಾಚಿದಳು: "ಒಂದ ದಿನಾ ಆಕೀಗೆ ಕೊಟ್ಟ ನೋಡ್ರಿ. ಆಮ್ಯಾಗ ಬೇಕಂದ್ರ ಮಾರ್ರಿ."

ಬೀರು ಕೋಲು ಕೊಟ್ಟ. "ಎಚ್ಚರ ಇರು," ಅಂದ. ಮತ್ತದೇ ಮಾತು.

ದಾರಿ ಒಡೆಯುವಲ್ಲಿ ದೀಪಾಲಿ ನಿಂತಳು. ಕೂಳೆ ಈ ಸಲವೂ ಹಸಿರಾಗಿತ್ತು. ಗುಡ್ಡ ಸುತ್ತಿ ಹೋದರೆ ನೀರಿಗೆ ಎರಡು ತಾಸು ಹೆಚ್ಚು. ಎಚ್ಚರ ಇರುತ್ತೇನೆಂದು ಎಷ್ಟು ಸಲ ಆಣೆ ಮಾಡಿದ್ದಳೋ, ಪಾಪ! ಈ ಸಲ ಮಾಡಲಿಲ್ಲ. ಕುರಿಗಳನ್ನು ಗುಡ್ಡದ ಕಡೆ ತಿರುಗಿಸಿದಳು.

ನೀರು ಕುಡಿಸಿ ಮರಳಿ ಬರುವಾಗ ಗುಡ್ಡದ ಮೇಲೆ ಇರುವೆಗಳು ಹುಲ್ಲಿನ ಬೀಜ ಹೊತ್ತು ಸಾಲುಗಟ್ಟಿದ್ದವು. ಕುಕ್ಕರಗಾಲಲ್ಲಿ ಕುಳಿತಳು, ಲೋಕ ಮರೆತಳು. ತಲೆಯೆತ್ತಿದಾಗ ಒಂದು ಕುರಿಯೂ ಹತ್ತಿರವಿರಲಿಲ್ಲ. ಥಟ್ಟನೆ ಎದ್ದು ನೋಡಿದಳು. ಹಿಂಡು ಗುಡ್ಡದ ತುಂಬ ಚದುರಿ ಒಣಹುಲ್ಲು ಮೇಯುತ್ತಿತ್ತು. ಅಲ್ಲಿ ಮೇಯಲು ಬೇರೇನೂ ಇರಲಿಲ್ಲ. ಎಲ್ಲವನ್ನೂ ಕೂಡಿಸುವಷ್ಟರಲ್ಲಿ ಹೊತ್ತು ಮುಳುಗಿತು.

ಹಟ್ಟಿಯ ಬಾಗಿಲಲ್ಲಿ ಬೀರು ಒಂದೊಂದರ ಬೆನ್ನು ಮುಟ್ಟಿ ಎಣಿಸಿದ. ನಲವತ್ತೊಂದು. ಒಂದೂ ಕಡಿಮೆಯಿರಲಿಲ್ಲ.

"ಇಷ್ಟ ತಡಾ ಯಾಕ? ಮತ್ತ ಮೈಮರತಿದ್ದೇನ?"

ಇಲ್ಲ ಅಂದರೆ ಸಾಕು, ಹಿಂಡು ಉಳಿಯುತ್ತದೆ. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು.

"ಹೂಂನಪಾ, ಮರತೆ. ಇರಿವಿ ನೋಡಕೋತ ಕುಂತಬಿಟ್ಟೆ. ಮರಿತೀನಂತ ನನಗ ಗೊತ್ತಿತ್ತು. ಅದಕ್ಕ, ಮರತ್ರೂ ಕುರಿ ಸಾಯದಂಥಾ ದಾರಿ ಹಿಡದೆ."

ಬೀರು ಕೊನೆಯ ಕುರಿಯನ್ನು ಹಟ್ಟಿಯೊಳಗೆ ಬಿಟ್ಟು ಮಗಳ ಕಡೆ ತಿರುಗಿದ.

"ನಿನ್ನ ಮನಸ ನಿಲ್ಲೂದಿಲ್ಲಂತ ನೀ ಸಣ್ಣಾಕಿ ಇದ್ದಾಗಿಂದ ನನಗ ಗೊತ್ತಿತ್ತವಾ," ಅಂದ. "ಹ್ವಾದ ವರ್ಷ ಜ್ವಾಳದ ದಾರಿ ಹಿಡಿ ಅಂದಾಂವ ನಾನ. ಊರ ಮಂದಿ ನಿನ್ನ ಬೈಯುವಾಗ ಒಮ್ಮಿನೂ ಬಾಯಿ ಬಿಡಲಿಲ್ಲ."

ದೀಪಾಲಿ ಕೋಲು ಹಿಡಿದುಕೊಂಡೇ ಅತ್ತಳು. ಇಂದುಬಾಯಿ ಒಳಗೆ ಹೋಗಿ ವ್ಯಾಪಾರಿಗೆ ಫೋನ್ ಹಚ್ಚಿ, ನಾಳೆ ಬರಬೇಡಿರೆಂದಳು.