ಕುಂಕುಮ ಇಟ್ಟು ಕಳಿಸಿದ ಕಾರು

ಪುಟ್ಟೇನಹಳ್ಳಿ ಬೋರಣ್ಣನಿಗೆ ಮನೆ ಬಾಡಿಗೆ ಕೇಳೋಕೆ ಬಂದವರ ಮುಖ ನೋಡಿದ ಕೂಡಲೇ ಅಳೆದುಬಿಡ್ತೀನಿ ಅನ್ನೋ ಜಂಬ. ಅಂಥವನು ಕಡಲಾಚೆಯ ಒಬ್ಬನನ್ನು ನಂಬಿ ಹಳ್ಳಕ್ಕೆ ಬಿದ್ದ ನೋಡಿ!

ಆಸೆಯೇನೋ ಒಳ್ಳೇದೇ. ಅಣ್ಣ ಪಾಪಯ್ಯ ವಯಸ್ಸಿನಲ್ಲಿ ಬಸವನಗುಡಿಯ ವಕೀಲರ ಮನೆಯಲ್ಲಿ ಮೋರಿಸ್ ಕಾರು ಓಡಿಸಿದವನು, ಆ ಸಂಬಳದಲ್ಲೇ ತಮ್ಮನನ್ನು ಸಾಕಿದವನು. ಈಗ ಅವನ ಕಣ್ಣಿನ ನರ ಸೊರಗುತ್ತಿತ್ತು. ದೀಪಾವಳಿ ದಾಟಿದರೆ ದೃಷ್ಟಿ ಉಳಿಯೋದು ಅನುಮಾನ ಅಂದಿದ್ದರು ಡಾಕ್ಟರು.

"ಕಣ್ಣು ಹೋಗೋದ್ರೊಳಗೆ ಆ ಸ್ಟೀರಿಂಗ್ ಒಂದ್ಸಲ ಹಿಡೀಬೇಕು ಕಣ್ಲಾ" ಅಂದ ಪಾಪಯ್ಯ. ಮನೆ ಹಿಂದಿನ ಖಾಲಿ ಸೈಟಿನಲ್ಲಿ ಒಂದು ಸುತ್ತು, ಅಷ್ಟೇ. ಇಲ್ಲಿ ಅಂಥ ಕಾರು ಸಿಗಲಿಲ್ಲ. ಇಂಗ್ಲೆಂಡಿನಿಂದ ಹಳೇ ಕಾರು ಕಳಿಸುವ ಇಬ್ಬರನ್ನು ಬೋರಣ್ಣನ ಮಗಳು ಶ್ವೇತ ಹುಡುಕಿಕೊಟ್ಟಳು.

ಮೊದಲನೆಯವನು ತನ್ನ ಕಾರನ್ನು ಮೇಲೆತ್ತಿ ತಳದ ಫೋಟೋ ಕಳಿಸಿದ. ತುಕ್ಕು ಹಿಡಿದಿದೆ, ಎರಡು ತಿಂಗಳು ಕೊಡಿ, ಸರಿ ಮಾಡಿ ಕಳಿಸ್ತೀನಿ ಅಂತ ಬರೆದ.

"ಥೂ! ಒಳ್ಳೆ ಕೆಲಸಕ್ಕೆ ಹೊರಟಿದ್ದೀವಿ, ಬಾಯಿ ಬಿಟ್ರೆ ತುಕ್ಕು, ತೂತು. ಅಪಶಕುನದ ಮುಂಡೇದು!" ಅಂದ ಬೋರಣ್ಣ.

ಎರಡನೆಯವನು ವಿಡಿಯೋ ಕಳಿಸಿದ. ಫಳಫಳ ಹೊಳೆಯುವ ಕಾರು, ಬಾನೆಟ್ ಮೇಲೆ ಕುಂಕುಮ, ಚಕ್ರದಡಿ ನಿಂಬೆಹಣ್ಣು. ಈ ವಾರವೇ ಹಡಗು ಹತ್ತಿಸ್ತೀನಿ ಅಂದ. ಬೋರಣ್ಣ ಫೋನಿಗೇ ಕೈ ಮುಗಿದ.

"ಅಪ್ಪ, ತಳ ತೋರಿಸು ಅಂದ್ರೆ ಇವನು ಮಾತು ಮರೆಸ್ತಾನೆ. ಅಲ್ಲೇ ಯಾರಾದ್ರೂ ಮೆಕ್ಯಾನಿಕ್‌ನ ಕಳಿಸಿ ನೋಡಿಸೋಣ" ಅಂದಳು ಶ್ವೇತ.

"ಪೂಜೆ ಆಗಿರೋ ಗಾಡೀನ ಅನುಮಾನದಿಂದ ನೋಡ್ಬಾರ್ದು ಕಣಮ್ಮ."

ಕಾರು ದೀಪಾವಳಿಗೆ ಮುಂಚೆಯೇ ಬಂತು. ಬಂದು ಏನು ಪ್ರಯೋಜನ? ಮನೆಗೆ ತರುವ ಮುಂಚೆ ಬನಶಂಕರಿಯ ಗ್ಯಾರೇಜಿನಲ್ಲಿ ಎತ್ತಿ ನೋಡಿದರೆ ತಳವೆಲ್ಲ ತುಕ್ಕು, ತುಕ್ಕಿನ ಮೇಲೆ ಬಣ್ಣ. ಡ್ರೈವರ್ ಸೀಟೇ ಕುಸಿಯುವಂತಿತ್ತು. ಕಳಿಸಿದವನ ಫೋನು ಸ್ವಿಚ್ ಆಫ್. ಬೋರಣ್ಣ ತಲೆ ತಲೆ ಚಚ್ಚಿಕೊಂಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನೋದು ಇದಕ್ಕೇ.

ಅಣ್ಣನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. "ಹಡಗು ತಡ ಅಂತೆ" ಅಂದ. ಪಾಪಯ್ಯ ದಿನಾ ಸಂಜೆ ಜಗುಲಿಯಲ್ಲಿ ಕೂತು ಬೀದಿ ನೋಡುತ್ತಿದ್ದ. ಆಮೇಲಾಮೇಲೆ ನೋಡುವುದು ನಿಂತು, ಬರೀ ಕೇಳಿಸಿಕೊಳ್ಳುವುದು ಉಳಿಯಿತು.

ಕಾರು ರಿಪೇರಿಯಾಗಿ ಮನೆಗೆ ಬಂದದ್ದು ಯುಗಾದಿಗೆ. ಬೋರಣ್ಣ ಅಣ್ಣನನ್ನು ಕೈ ಹಿಡಿದು ಕರೆತಂದು ಪಕ್ಕದ ಸೀಟಿನಲ್ಲಿ ಕೂರಿಸಿ, ಸ್ಟೀರಿಂಗ್ ತಾನೇ ಹಿಡಿದ. ಸೈಟಿನಲ್ಲಿ ಒಂದು ಸುತ್ತು. ಪಾಪಯ್ಯ ಡ್ಯಾಶ್‌ಬೋರ್ಡ್ ಸವರಿದ, ಇಂಜಿನ್ ಸದ್ದಿಗೆ ಕಿವಿಗೊಟ್ಟ, ಮಗುವಿನ ಹಾಗೆ ನಕ್ಕ.

"ಹಡಗು ತಡ ಆದ್ರೆ ಆಯಪ್ಪ ಏನ್ಮಾಡ್ತಾನೆ? ಗಾಡಿ ಚಿನ್ನ ಕಣ್ಲಾ. ಕಳಿಸ್ದೋನು ನಿಯತ್ತಿನ ಮನುಷ್ಯ. ನಾನು ಕೇಳ್ದೆ ಅಂತ ಹೇಳು ಅವನಿಗೆ."

"ಹೂಂ ಅಣ್ಣ" ಅಂದ ಬೋರಣ್ಣ. ಅವನ ಕಣ್ಣೀರು ಅಣ್ಣನಿಗೆ ಕಾಣಲಿಲ್ಲ.